ಹಳೇ ಫೋನಲ್ಲಿ ಅಮ್ಮನ ಹಾಡುಗಳಿವೆ, ಫೋಲ್ಡರ್ ಮಾತ್ರ "ಖಾಲಿ" ಅಂತಿದೆ. ಪರ್ಮಿಶನ್ ಕೊಡೋದು ಹೇಗೆ?

ಸಾಗರದ_ತೋಟ · ಶನಿವಾರ ಸಂಜೆ 6:20

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೀತಿದೀನಿ, ಸ್ವಲ್ಪ ಉದ್ದ ಆದ್ರೂ ಓದಿ.

ನಮ್ಮಮ್ಮ ಊರ ಮದುವೆಗಳಲ್ಲಿ ಹಸೆ ಹಾಡು ಹೇಳೋರು. 2021ರಿಂದ 2023ರ ತನಕ ಬಿಡುವಾದಾಗೆಲ್ಲ ಕೂರಿಸಿಕೊಂಡು ಒಂದೊಂದೇ ಹಾಡು ಫೋನಲ್ಲಿ ರೆಕಾರ್ಡ್ ಮಾಡಿದ್ದೆ. ಒಟ್ಟು 43. ಕಳೆದ ವರ್ಷ ಅವರಿಗೆ ಗಂಟಲಿನ ಆಪರೇಷನ್ ಆಯ್ತು, ಈಗ ಮಾತೇ ಪಿಸುಗುಟ್ಟಿದ ಹಾಗೆ ಬರುತ್ತೆ. ಆ 43 ಬಿಟ್ರೆ ಇನ್ನಿಲ್ಲ.

ಈ ವಾರ ಹೊಸ ಫೋನ್ ತಗೊಂಡೆ (ಆಂಡ್ರಾಯ್ಡ್ 14). ಹಳೇದು ಆಂಡ್ರಾಯ್ಡ್ 12. ಅದರಿಂದ ಇದಕ್ಕೆ ಎಲ್ಲ ವರ್ಗಾಯಿಸಿದೆ. ಫೋಟೊ ಬಂತು, ಕಾಂಟ್ಯಾಕ್ಟ್ ಬಂತು, ಹಾಡುಗಳು ಬರಲಿಲ್ಲ. ಹಳೇ ಫೋನಲ್ಲಿ ಆ ರೆಕಾರ್ಡಿಂಗ್ ಆ್ಯಪ್ ತೆರೆದ್ರೆ ಬಿಳಿ ಪರದೆ ಬಂದು ಮುಚ್ಚಿಕೊಳ್ಳುತ್ತೆ. ಸೆಟ್ಟಿಂಗ್‌ನಲ್ಲಿ ನೋಡಿದ್ರೆ ಆ ಆ್ಯಪ್‌ನ ಡೇಟಾ 380 ಎಂಬಿ ಅಂತ ತೋರಿಸ್ತಿದೆ, ಅಂದ್ರೆ ಹಾಡುಗಳು ಒಳಗೇ ಇವೆ. ಆದ್ರೆ ಫೈಲ್ ಮ್ಯಾನೇಜರ್‌ನಲ್ಲಿ ಆಂಡ್ರಾಯ್ಡ್ ಫೋಲ್ಡರ್, ಅದರೊಳಗೆ ಡೇಟಾ ಫೋಲ್ಡರ್ ತೆರೆದ್ರೆ "ಈ ಫೋಲ್ಡರ್ ಖಾಲಿ ಇದೆ". ಫೈಲ್ ಮ್ಯಾನೇಜರ್‌ಗೆ "ಎಲ್ಲಾ ಫೈಲ್‌ಗಳಿಗೆ ಪ್ರವೇಶ" ಅಂತ ಇರೋ ಪರ್ಮಿಶನ್ನೂ ಕೊಟ್ಟಾಯ್ತು. ಇನ್ನೇನು ಕೊಡಬೇಕು?

ಟೆಕ್_ತುಮಕೂರು · 6:31

ಬಿಳಿ ಪರದೆ ಬಂದ್ರೆ ಆ್ಯಪ್ ಕೆಟ್ಟಿದೆ ಅಂತ ಅರ್ಥ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ, ಸರಿ ಹೋಗುತ್ತೆ.

ಕರಾವಳಿ_ಕೋಡ್ · 6:33

ಬೇಡ ಬೇಡ ಬೇಡ. ದಯವಿಟ್ಟು ಅನ್‌ಇನ್‌ಸ್ಟಾಲ್ ಮಾಡಬೇಡಿ. "ಕ್ಲಿಯರ್ ಡೇಟಾ" ಕೂಡ ಒತ್ತಬೇಡಿ. ಆ್ಯಪ್ ತೆಗೆದ ಕ್ಷಣ ಅದರ ಸ್ವಂತ ಫೋಲ್ಡರ್ ಪೂರ್ತಿ ಅಳಿಸಿ ಹೋಗುತ್ತೆ, 43 ಹಾಡೂ ಹೋದ ಹಾಗೆ. ವಿವರವಾಗಿ ಬರೀತೀನಿ, ಹತ್ತು ನಿಮಿಷ ಕೊಡಿ.

ಸಾಗರದ_ತೋಟ · 6:35

ಅಯ್ಯೋ, ಅನ್‌ಇನ್‌ಸ್ಟಾಲ್ ಪರದೆ ತೆರೆದಿಟ್ಟುಕೊಂಡೇ ಇದ್ದೆ. ಮುಚ್ಚಿದೆ. ಫೋನ್ ಮೇಜಿನ ಮೇಲಿಟ್ಟಿದೀನಿ, ಮುಟ್ಟಲ್ಲ.

ಟೆಕ್_ತುಮಕೂರು · 6:38

ಕ್ಷಮಿಸಿ ಸರ್. ಬೇರೆ ಆ್ಯಪ್‌ಗಳಿಗೆ ಹೇಳೋ ಉಪಾಯ ಅದು, ಇಲ್ಲಿ ಯೋಚನೆ ಮಾಡದೆ ಹೇಳಿಬಿಟ್ಟೆ.

ಕರಾವಳಿ_ಕೋಡ್ · 6:52

ಸಾಗರದವರೇ, ನಿಮ್ಮ ಕಡೆ ಅಡಿಕೆ ಮಂಡಿ ಇದೆಯಲ್ಲ, ಅದನ್ನೇ ಇಟ್ಟುಕೊಂಡು ಹೇಳ್ತೀನಿ.

ಫೋನಿನ ಸ್ಟೋರೇಜ್ ಒಂದೇ ಅಂತ ನಮಗೆ ಅನ್ಸುತ್ತೆ, ಆದ್ರೆ ಅದರಲ್ಲಿ ಮೂರು ತರದ ಜಾಗ ಇದೆ. ಮೊದಲನೇದು, ಪ್ರತಿ ಆ್ಯಪ್‌ಗೂ ಒಂದು ಬೀಗ ಹಾಕಿದ ಕೋಣೆ. ಆಂಡ್ರಾಯ್ಡ್‌ನ ಒಳಗಿರೋದು ಲಿನಕ್ಸ್, ವಿಂಡೋಸ್ ಇರೋ ಹಾಗೆ ಕಂಪ್ಯೂಟರ್ ನಡೆಸೋ ಇನ್ನೊಂದು ವ್ಯವಸ್ಥೆ. ಲಿನಕ್ಸ್‌ನಲ್ಲಿ ಒಂದು ಕಂಪ್ಯೂಟರನ್ನು ಹತ್ತು ಜನ ಬಳಸಿದ್ರೆ ಹತ್ತು ಬಳಕೆದಾರರು. ಆಂಡ್ರಾಯ್ಡ್ ಇದನ್ನೇ ತಿರುಗಿಸಿ, ಪ್ರತಿ ಆ್ಯಪ್ಪನ್ನೂ ಒಬ್ಬ ಬಳಕೆದಾರ ಅಂತ ಲೆಕ್ಕ ಹಾಕುತ್ತೆ. ಆ್ಯಪ್ ಹಾಕಿದಾಗ ಅದಕ್ಕೊಂದು ನಂಬರ್ ಬೀಳುತ್ತೆ, 10000ದಿಂದ ಮೇಲಕ್ಕೆ. ಆ ಕೋಣೆಯ ಮಾಲೀಕ ಆ ನಂಬರ್ ಮಾತ್ರ. ಬೇರೆ ಆ್ಯಪ್ ಇಣುಕೋ ಹಾಗೂ ಇಲ್ಲ.

ಎರಡನೇದು, ಎಲ್ಲರಿಗೂ ಸೇರಿದ ಗೋದಾಮು. ಡೌನ್‌ಲೋಡ್, ಮ್ಯೂಸಿಕ್, ಡಾಕ್ಯುಮೆಂಟ್ಸ್, ಕ್ಯಾಮೆರಾ ಫೋಟೊ ಇರೋ ಜಾಗ. ಇಲ್ಲೂ ಮಂಡಿಯಲ್ಲಿದ್ದ ಹಾಗೆ ಪ್ರತಿ ಚೀಲದ ಮೇಲೆ ಯಾರದು ಅಂತ ನಂಬರ್ ಇದೆ, ಗುಮಾಸ್ತ ಖಾತೆ ಪುಸ್ತಕ ನೋಡಿ ಚೀಲ ಬಿಡ್ತಾನೆ. ಆ ಗುಮಾಸ್ತನ ಹೆಸರು ಮೀಡಿಯಾ ಪ್ರೊವೈಡರ್. ಆಂಡ್ರಾಯ್ಡ್ 11ರಿಂದ ಯಾವ ಆ್ಯಪ್ ಯಾವ ಫೈಲ್ ತೆರೆಯೋಕೆ ಹೋದ್ರೂ ಆತನ ಕಿಟಕಿ ಮುಂದೆಯೇ ಹೋಗಬೇಕು.

ಮೂರನೇದೇ ನಿಮ್ಮ ತಾಪತ್ರಯ. ಆಂಡ್ರಾಯ್ಡ್ ಫೋಲ್ಡರ್‌ನೊಳಗಿನ ಡೇಟಾ ಇದೆಯಲ್ಲ, ಅದು ಗೋದಾಮಿನ ಒಳಗೇ ಕಟ್ಟಿದ ಪಂಜರ. ನೋಡೋಕೆ ಸಾರ್ವಜನಿಕ ಜಾಗದಲ್ಲಿದೆ, ಆದ್ರೆ ಪ್ರತಿ ಪಂಜರಕ್ಕೂ ಒಂದೇ ಆ್ಯಪ್ ಮಾಲೀಕ. 2020ರಲ್ಲಿ ಆಂಡ್ರಾಯ್ಡ್ 11 ಬಂದಾಗಿಂದ ಬೇರೆ ಆ್ಯಪ್‌ಗಳಿಗೆ ಅದು ಮುಚ್ಚಿದೆ. "ಎಲ್ಲಾ ಫೈಲ್‌ಗಳಿಗೆ ಪ್ರವೇಶ" ಅನ್ನೋ ಪರ್ಮಿಶನ್‌ನಲ್ಲೂ ಇದು ಸೇರಿಲ್ಲ! ಹೆಸರು ನೋಡಿ ಎಲ್ಲರೂ ಮೋಸ ಹೋಗ್ತಾರೆ. ನೀವು ಇನ್ನೇನು ಪರ್ಮಿಶನ್ ಕೊಡಬೇಕು ಅಂತ ಕೇಳಿದ್ರಿ. ಕೊಡೋಕೆ ಇನ್ನೇನೂ ಇಲ್ಲ, ಫೈಲ್ ಮ್ಯಾನೇಜರ್ ದಾರಿಯೇ ಮುಚ್ಚಿದೆ.

ಬೇರೆ ದಾರಿ ಇದೆ. ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ, "ಫೈಲ್ ಟ್ರಾನ್ಸ್‌ಫರ್" ಆರಿಸಿ. ಬಹಳಷ್ಟು ಫೋನ್‌ಗಳಲ್ಲಿ ಕಂಪ್ಯೂಟರಿಗೆ ಆ ಪಂಜರ ಕಾಣುತ್ತೆ. ಅದು ಕಂಡು, ಹಾಡುಗಳು ಮೂರನೇ ಜಾಗದಲ್ಲಿದ್ರೆ ಸಿಕ್ಕೇ ಸಿಗುತ್ತೆ. ಮೊದಲನೇ ಕೋಣೆಯಲ್ಲಿದ್ರೆ ಕಷ್ಟ, ಅದನ್ನ ಆಮೇಲೆ ನೋಡೋಣ.

ಹುಬ್ಬಳ್ಳಿ_ಮಂದಿ · 7:05

ಮಂಡಿ ಕತಿ ಛಲೋ ಹೇಳೀರಿ, ಆದ್ರ ನನಗ ಒಂದು ಸಿಟ್ಟೈತಿ. ಫೋನ್ ನಂದು, ರೊಕ್ಕ ನಂದು, ಹಾಡಿದಾಕಿ ಅವರ ತಾಯಿ. ಆ ಫೈಲಿಗೆ ಮಾಲೀಕ ಆ್ಯಪ್ ಹೆಂಗ ಆಗ್ತೈತ್ರಿ? ಖಾತೆ ಪುಸ್ತಕದಾಗ ನನ್ನ ಹೆಸರು ಎಲ್ಲೈತಿ?

2013ರಾಗ ಆಂಡ್ರಾಯ್ಡ್ 4.4 ಬಂದಾಗನೂ ಹಿಂಗ ಮಾಡಿದ್ರು. ನನ್ನ ಮೆಮೊರಿ ಕಾರ್ಡ್‌ನಾಗ ಹಾಡು ತುಂಬಿದ್ದೆ. ಅಪ್‌ಡೇಟ್ ಆದ ಮರುದಿನ ಫೈಲ್ ಮ್ಯಾನೇಜರ್‌ದಾಗ ಒಂದು ಹಾಡು ಅಳಸಾಕೂ ಆಗ್ಲಿಲ್ಲ, ಹೆಸರು ಬದಲಿ ಮಾಡಾಕೂ ಆಗ್ಲಿಲ್ಲ. ಕಾರ್ಡ್ ಕೆಟ್ಟೈತಿ ಅಂತ ತಿಳಕೊಂಡು ಹೊಸಾದು ತಂದೆ. ಅದರಾಗೂ ಅದೇ ಹಣೆಬರಹ.

ಲಿನಕ್ಸ್_ಪ್ರೇಮಿ · 7:14

ಹುಬ್ಬಳ್ಳಿಯವರು ಹೇಳಿದ್ದು ನಿಜ. 4.4ರಲ್ಲಿ ಫೋನಿನ ಜೊತೆ ಬರದ, ಬೇರೆಯವರು ಬರೆದ ಆ್ಯಪ್‌ಗಳಿಗೆ ಮೆಮೊರಿ ಕಾರ್ಡಿನಲ್ಲಿ ತಮ್ಮ ಸ್ವಂತ ಫೋಲ್ಡರ್ ಬಿಟ್ಟು ಬೇರೆಲ್ಲೂ ಬರೆಯೋಕೆ ಬಿಡಲಿಲ್ಲ. ಜನ ಗಲಾಟೆ ಮಾಡಿದ ಮೇಲೆ 5.0ರಲ್ಲಿ ಒಂದು ದಾರಿ ಕೊಟ್ರು. ನೀವೇ ಫೋಲ್ಡರ್ ಆರಿಸಿ ಆ್ಯಪ್‌ಗೆ "ಇದನ್ನ ಬಳಸು" ಅಂತ ಒಪ್ಪಿಗೆ ಕೊಡೋದು. ಈಗಲೂ ಅದು ಇದೆ. ಖಾತೆ ಪುಸ್ತಕದಲ್ಲಿ ನಿಮ್ಮ ಹೆಸರು ಬರೋದು ಅಲ್ಲೇ.

ಇನ್ನೊಂದು ಮಾತು. "ಚ್‌ಮೋಡ್ 777 ಕೊಡಿ" (ಫೈಲಿನ ಅನುಮತಿ ಬದಲಾಯಿಸೋ ಲಿನಕ್ಸ್ ಆಜ್ಞೆ ಅದು) ಅಂತ ಯಾರಾದ್ರೂ ಬಂದು ಹೇಳೋ ಮೊದಲೇ ಹೇಳಿಬಿಡ್ತೀನಿ. ಲಿನಕ್ಸ್ ಕಂಪ್ಯೂಟರ್‌ನಲ್ಲಿ ಪ್ರತಿ ಫೈಲಿಗೂ ಮೂರು ಅಂಕಿ. ಮೊದಲನೇದು ಮಾಲೀಕನಿಗೆ, ಎರಡನೇದು ಅವನ ಗುಂಪಿಗೆ, ಮೂರನೇದು ಉಳಿದವರಿಗೆ. ಓದೋದಕ್ಕೆ 4, ಬರೆಯೋದಕ್ಕೆ 2, ಓಡಿಸೋದಕ್ಕೆ 1. ಮೂರೂ ಕೂಡಿದ್ರೆ 7. ಹಾಗಾಗಿ 777 ಅಂದ್ರೆ ಎಲ್ಲರಿಗೂ ಎಲ್ಲವೂ. ಆದ್ರೆ ಫೋನಿನ ಸಾರ್ವಜನಿಕ ಸ್ಟೋರೇಜ್‌ನಲ್ಲಿ ಈ ಅಂಕಿ ಬರೀ ತೋರಿಕೆ. ಫೋನಲ್ಲೇ ಲಿನಕ್ಸ್ ಆಜ್ಞೆ ಕೊಡೋ ಟರ್ಮಕ್ಸ್ ಆ್ಯಪ್‌ನಲ್ಲಿ ನೋಡಿದ್ರೆ ಫೈಲ್‌ಗಳಿಗೆಲ್ಲ ಒಂದೇ ಅಚ್ಚಿನ 660. ಬದಲಾಯಿಸೋಕೆ ಹೋದ್ರೆ ಬದಲಾಗಲ್ಲ. ಯಾಕಂದ್ರೆ ನಿರ್ಧಾರ ಮಾಡೋದು ಆ ಅಂಕಿ ಅಲ್ಲ, ಕಿಟಕಿಯ ಹಿಂದೆ ಕೂತಿರೋ ಗುಮಾಸ್ತ. ಆ ಜಾಗದಲ್ಲಿ ಸ್ಕ್ರಿಪ್ಟ್ ಇಟ್ಟು ನೇರವಾಗಿ ಓಡಿಸೋಕೂ ಆಗಲ್ಲ, ಅದಕ್ಕೂ ತಡೆ ಇದೆ.

ಮೆಮೊರಿ ಕಾರ್ಡಿನ ಕತೆ ಇನ್ನೂ ಬೇರೆ. ಫ್ಯಾಟ್32, ಎಕ್ಸ್‌ಫ್ಯಾಟ್ ಅನ್ನೋ ಮಾದರಿಯಲ್ಲಿ ಮಾಲೀಕ ಯಾರು ಅಂತ ಬರೆಯೋಕೆ ಜಾಗವೇ ಇಲ್ಲ. ಕಾರ್ಡ್ ಕಿತ್ತು ಇನ್ನೊಂದು ಫೋನಿಗೆ ಹಾಕಿದ್ರೆ ಎಲ್ಲವೂ ಬಟಾಬಯಲು.

ಜಯನಗರ_ರಾತ್ರಿಪಾಳಿ · 7:20

ರೂಟ್ ಮಾಡಿದ್ರೆ, ಅಂದ್ರೆ ಫೋನಿನ ಪೂರ್ತಿ ಅಧಿಕಾರ ಕೈಗೆ ತಗೊಂಡ್ರೆ, ಇದೆಲ್ಲ ತಲೆನೋವೇ ಇಲ್ಲ.

ಕರಾವಳಿ_ಕೋಡ್ · 7:22

ರೂಟ್ ಮಾಡೋಕೆ ಮೊದಲು ಬೂಟ್‌ಲೋಡರ್‌ನ (ಫೋನ್ ಶುರುವಾಗುವಾಗ ಮೊದಲು ಓಡೋ ಪ್ರೋಗ್ರಾಂ) ಬೀಗ ಬಿಚ್ಚಬೇಕು, ಬಿಚ್ಚಿದ್ರೆ ಫೋನ್ ಪೂರ್ತಿ ಅಳಿಸಿ ಹೋಗುತ್ತೆ. ಹಾಡು ಉಳಿಸೋಕೆ ಬಂದವರಿಗೆ ಈ ಸಲಹೆ ಕೊಡಬೇಡಿ ಮಾರಾಯ್ರೆ.

ಬೆಳಗಾವಿ_ಮಾಸ್ತರ · 7:31

ನಾನು ಪ್ರಾಥಮಿಕ ಶಾಲೆ ಮಾಸ್ತರ. ಸಂಬಂಧ ಇರೋ ಪ್ರಶ್ನೆ ಒಂದೈತಿ. ವಾಟ್ಸಾಪ್‌ನಾಗ ಬಂದ ಸುತ್ತೋಲೆಗಳು ಮೊದಲ ಫೋನ್ ತೆರೆದ ಕೂಡಲೇ "ವಾಟ್ಸಾಪ್" ಅನ್ನೋ ಫೋಲ್ಡರ್‌ನಾಗ ಸಿಗ್ತಿದ್ವು. ಈಗ ಆ ಫೋಲ್ಡರೇ ಇಲ್ಲ. ಅವೂ ಪಂಜರಕ್ಕ ಹೋದವೇನು?

ಕರಾವಳಿ_ಕೋಡ್ · 7:36

ಇಲ್ಲ ಸರ್, ಅವು ಆಂಡ್ರಾಯ್ಡ್ ಫೋಲ್ಡರ್‌ನ ಒಳಗಿನ "ಮೀಡಿಯಾ" ಫೋಲ್ಡರ್‌ಗೆ ಹೋಗಿವೆ. ಡೇಟಾ ಅಲ್ಲ, ಮೀಡಿಯಾ. ಅಲ್ಲಿ "ಕಾಮ್ ಡಾಟ್ ವಾಟ್ಸಾಪ್" ಅಂತ ಒಂದು ಇರುತ್ತೆ, ಅದರೊಳಗೆ ವಾಟ್ಸಾಪ್, ಅದರೊಳಗೆ ಮತ್ತೆ ಮೀಡಿಯಾ, ಅದರೊಳಗೆ "ವಾಟ್ಸಾಪ್ ಡಾಕ್ಯುಮೆಂಟ್ಸ್". ಫೈಲ್ ಮ್ಯಾನೇಜರ್‌ನಲ್ಲಿ ತೆರೆಯುತ್ತೆ. ಆದ್ರೆ ಆ ಜಾಗವನ್ನೂ ಶಾಶ್ವತ ಅಂತ ನಂಬಬೇಡಿ. ಬೇಕಾದ ಸುತ್ತೋಲೆ ಡಾಕ್ಯುಮೆಂಟ್ಸ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.

ಬೆಳಗಾವಿ_ಮಾಸ್ತರ · 7:49

ಸಿಕ್ತು! 2022ರ ಬಿಸಿಯೂಟದ ಸುತ್ತೋಲೆ ಸುದ್ದಾ ಐತಿ. ಎರಡು ವರ್ಷದಿಂದ ಎಲ್ಲರ ಹತ್ರ ಕೇಳಾಕತ್ತಿದ್ದೆ. ಭಾಳ ಉಪಕಾರ ಆತ್ರಿ.

ಚಾಮುಂಡಿಬೆಟ್ಟದ_ಕೆಳಗೆ · 8:02

ಹುಬ್ಬಳ್ಳಿ ಅಣ್ಣ, ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದ್ರೆ ಇನ್ನೊಂದು ಮಗ್ಗುಲೂ ಕೇಳಿ.

2020ರ ಲಾಕ್‌ಡೌನ್‌ನಲ್ಲಿ ನನ್ನ ತಂಗಿ ಒಂದು ಸಾಲದ ಆ್ಯಪ್‌ನಿಂದ 6 ಸಾವಿರ ತಗೊಂಡಳು. ಹಾಕುವಾಗ "ಫೋಟೊ, ಮೀಡಿಯಾ, ಫೈಲ್‌ಗಳಿಗೆ ಅನುಮತಿ" ಕೇಳ್ತು, ಕೊಟ್ಟಳು. ಕೊಡದೇ ಇದ್ರೆ ಮುಂದಕ್ಕೇ ಹೋಗ್ತಿರಲಿಲ್ಲ. ಅವಳ ಫೋನ್ ಆಂಡ್ರಾಯ್ಡ್ 9. ಆಗ ಆ ಒಂದೇ ಒಂದು ಒಪ್ಪಿಗೆಗೆ ಇಡೀ ಗೋದಾಮು ತೆರೆದುಕೊಳ್ತಿತ್ತು. ಕಂತು ಎರಡು ದಿನ ತಡ ಆಯ್ತು. ಅವಳ ಮದುವೆ ಆಲ್ಬಮ್‌ನ ಫೋಟೊ ತಿದ್ದಿ ಕೆಟ್ಟದಾಗಿ ಮಾಡಿ ನಮ್ಮ ಚಿಕ್ಕಪ್ಪನಿಗೆ, ಅವಳ ಆಫೀಸಿನವರಿಗೆ ಕಳಿಸಿದ್ರು. ಆರು ತಿಂಗಳು ಅವಳು ಫೋನ್ ಕೈಗೆ ತಗೊಂಡಿಲ್ಲ. ರಿಂಗ್ ಆದ್ರೆ ಕೈ ನಡುಗೋದು.

ಆರಿಸಿದ ಫೋಟೊ ಮಾತ್ರ ತೋರಿಸೋ ಬೀಗ ಆವತ್ತು ಇದ್ದಿದ್ರೆ ಇಡೀ ಆಲ್ಬಮ್ ಅವರ ಕೈಗೆ ಸಿಗ್ತಿತ್ತಾ? ಬೀಗ ಜಾಸ್ತಿ ಆಯ್ತು ಅಂತ ನನಗೆ ಯಾವತ್ತೂ ಅನ್ಸಿಲ್ಲ.

ಹುಬ್ಬಳ್ಳಿ_ಮಂದಿ · 8:10

ಅಕ್ಕಾ, ಓದಿ ಹೊಟ್ಟ್ಯಾಗ ಸಂಕಟ ಆತು. ನಿಮ್ಮ ತಂಗಿ ಈಗ ಆರಾಮ ಅದಾಳಂತ ತಿಳೀತೀನಿ. ಬೀಗ ಬ್ಯಾಡ ಅಂತ ನಾ ಅನ್ನಂಗಿಲ್ಲ. ಕೀಲಿಕೈ ನಂಗೂ ಒಂದು ಕೊಡ್ರಿ ಅಂತ ಅಷ್ಟ ನನ್ನ ಮಾತು.

ಬ್ಯಾಂಕು_ಬದುಕು · 8:19

ಈ ವಿಷಯದಲ್ಲಿ ನಿಯಮಗಳೂ ಬಂದಿವೆ, ತಿಳಿದಿರಲಿ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲದ ಮಾರ್ಗಸೂಚಿ ಹೊರಡಿಸಿತು. ಸಾಲದ ಆ್ಯಪ್‌ಗಳು ಫೋನಿನ ಫೈಲ್, ಮೀಡಿಯಾ, ಕಾಂಟ್ಯಾಕ್ಟ್, ಕಾಲ್ ಲಾಗ್ ಮುಟ್ಟಬಾರದು. ಕ್ಯಾಮೆರಾ, ಮೈಕ್, ಲೊಕೇಶನ್ ಮಾತ್ರ ಕೆವೈಸಿಗೆ ಬೇಕಾದಾಗ ಒಂದು ಸಲ, ಅದೂ ಗ್ರಾಹಕರ ಸ್ಪಷ್ಟ ಒಪ್ಪಿಗೆ ಪಡೆದು. ಗೂಗಲ್ ಪ್ಲೇ ಕೂಡ 2023ರ ಮೇ 31ರಿಂದ ವೈಯಕ್ತಿಕ ಸಾಲದ ಆ್ಯಪ್‌ಗಳಿಗೆ ಫೋಟೊ, ಕಾಂಟ್ಯಾಕ್ಟ್ ಕೇಳದ ಹಾಗೆ ನಿರ್ಬಂಧ ಹಾಕಿತು. ಪ್ಲೇ ಸ್ಟೋರ್‌ನ ಹೊರಗಿಂದ, ವಾಟ್ಸಾಪ್ ಲಿಂಕ್‌ನಲ್ಲಿ ಬರೋ ಆ್ಯಪ್‌ಗೆ ಪ್ಲೇ ನಿಯಮ ತಟ್ಟಲ್ಲ. ಮನೆಯವರಿಗೆಲ್ಲ ಇದನ್ನು ಹೇಳಿಡಿ.

ಲಿನಕ್ಸ್_ಪ್ರೇಮಿ · 8:27

ಬರೀ ಫೋಟೊ ಕದಿಯೋದಲ್ಲ, ಇನ್ನೊಂದು ಅಪಾಯವೂ ಇತ್ತು. ಒಂದು ಆ್ಯಪ್ ತನ್ನ ಅಪ್‌ಡೇಟ್ ಫೈಲನ್ನು ಸಾರ್ವಜನಿಕ ಜಾಗಕ್ಕೆ ಇಳಿಸಿಕೊಂಡ್ರೆ, ಇನ್ನೊಂದು ಆ್ಯಪ್ ಮಧ್ಯದಲ್ಲಿ ಆ ಫೈಲನ್ನೇ ಬದಲಾಯಿಸಬಹುದಿತ್ತು. 2018ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ಇದನ್ನು "ಮ್ಯಾನ್ ಇನ್ ದ ಡಿಸ್ಕ್" ಅಂತ ಹೆಸರಿಟ್ಟು ತೋರಿಸಿದ್ರು. ಮರುವರ್ಷ ಆಂಡ್ರಾಯ್ಡ್ 10ರಲ್ಲಿ ಈಗಿನ ಪದ್ಧತಿ ಶುರುವಾಯ್ತು. ಮೊದಲ ವರ್ಷ ಆ್ಯಪ್‌ಗಳಿಗೆ "ನಮಗೆ ಹಳೇ ರೀತಿಯೇ ಇರಲಿ" ಅಂತ ತಪ್ಪಿಸಿಕೊಳ್ಳೋ ಅವಕಾಶ ಇತ್ತು, 11ರಲ್ಲಿ ಅದನ್ನೂ ಮುಚ್ಚಿದ್ರು.

ಎಡಿಸನ್_ಕನ್ನಡಿಗ · 8:40

ಇಲ್ಲಿ ನ್ಯೂಜೆರ್ಸಿಯಲ್ಲಿ ನಾನು ಐಫೋನ್ ಬಳಸ್ತೀನಿ. ಐಫೋನ್‌ನಲ್ಲಿ ಈ ಗೊಂದಲ ಇಲ್ಲವೇ ಇಲ್ಲ.

ಕರಾವಳಿ_ಕೋಡ್ · 8:44

ಗೊಂದಲ ಇಲ್ಲ, ಯಾಕಂದ್ರೆ ಎಲ್ಲರಿಗೂ ಸೇರಿದ ಗೋದಾಮೇ ಇರಲಿಲ್ಲ. ಎಲ್ಲ ಆ್ಯಪ್‌ಗೂ ಬೀಗದ ಕೋಣೆ ಮಾತ್ರ. 2017ರಲ್ಲಿ ಐಒಎಸ್ 11 ಬಂದ ಮೇಲೆ ತಾನೇ ನಿಮಗೆ "ಫೈಲ್ಸ್" ಆ್ಯಪ್ ಸಿಕ್ಕಿದ್ದು? ಅದರಲ್ಲೂ ಆ್ಯಪ್ ಬರೆದವರು ಒಪ್ಪಿದ್ರೆ ಮಾತ್ರ ಅವರ ಫೋಲ್ಡರ್ ಕಾಣೋದು. ಸಾಗರದವರ ಆ್ಯಪ್‌ನಂಥದ್ದು ಅಲ್ಲಿ ಕೆಟ್ಟರೆ ಬ್ಯಾಕಪ್ ಮೂಲಕ ಹೋಗಬೇಕು, ಸುಲಭ ಅಲ್ಲ.

ಫೋಟೊ ವಿಷಯದಲ್ಲಿ ಐಫೋನ್ ಮುಂದಿತ್ತು, ಅದು ಒಪ್ತೀನಿ. "ಆರಿಸಿದ ಫೋಟೊ ಮಾತ್ರ ತೋರಿಸು" ಅನ್ನೋದು 2020ರಲ್ಲೇ ಅಲ್ಲಿ ಬಂತು. ಆಂಡ್ರಾಯ್ಡ್‌ನ ಪರ್ಮಿಶನ್ ಪರದೆಗೆ ಬಂದಿದ್ದು 14ರಲ್ಲಿ, 2023ಕ್ಕೆ.

ಎಡಿಸನ್_ಕನ್ನಡಿಗ · 8:51

ಹೌದು, ಆ ಲೆಕ್ಕದಲ್ಲಿ ನೋಡಿದ್ರೆ ನನ್ನ ಮಾತು ಸರಿಯಾಗಲಿಲ್ಲ. ಅಪ್ಪನ ಇಸಿಜಿ ಪಿಡಿಎಫ್ ಒಂದು ಆ್ಯಪ್‌ನೊಳಗೆ ಸಿಕ್ಕಿಕೊಂಡು ನಾನೂ ಪರದಾಡಿದ್ದು ಈಗ ನೆನಪಾಯ್ತು.

ಸಾಗರದ_ತೋಟ · 9:15

ಕೇಬಲ್ ಹಾಕಿದೆ. ಮಗನ ಲ್ಯಾಪ್‌ಟಾಪ್, ವಿಂಡೋಸ್. ಫೋನ್ ಚಾರ್ಜ್ ಆಗ್ತಿದೆ ಅಷ್ಟೇ. "ಫೈಲ್ ಟ್ರಾನ್ಸ್‌ಫರ್" ಅನ್ನೋ ಆಯ್ಕೆ ಎಲ್ಲೂ ಬರ್ತಿಲ್ಲ. ನೋಟಿಫಿಕೇಶನ್ ಎಳೆದು ನೋಡಿದೆ, ಅಲ್ಲೂ ಇಲ್ಲ. ಕೈ ಬೆವರ್ತಿದೆ.

ದಾವಣಗೆರೆ_ಮೊಬೈಲ್_ರಿಪೇರಿ · 9:18

ಯಜಮಾನ್ರೇ, ಗಾಬರಿ ಆಗಬೇಡಿ. ನಮ್ಮ ಅಂಗಡಿಗೆ ದಿನಾ ಇದೇ ಕಂಪ್ಲೇಂಟ್. ಕೇಬಲ್ ಯಾವುದು? ಪವರ್ ಬ್ಯಾಂಕ್ ಜೊತೆ ಬಂದ ಗಿಡ್ಡ ಕೇಬಲ್ ಆದ್ರೆ ಅದರಲ್ಲಿ ಹೆಚ್ಚಾಗಿ ಕರೆಂಟ್ ಹೋಗೋ ಎರಡು ತಂತಿ ಮಾತ್ರ ಇರುತ್ತೆ, ಡೇಟಾ ಹೋಗೋ ತಂತಿ ಇರಲ್ಲ. ಫೋನ್ ಡಬ್ಬಿಯಲ್ಲಿ ಬಂದ ಕೇಬಲ್ ಹುಡುಕಿ. ಹಾಕಿದ ಮೇಲೆ ಫೋನಿನ ಲಾಕ್ ತೆಗೆದಿರಬೇಕು.

ಸಾಗರದ_ತೋಟ · 9:22

ಪವರ್ ಬ್ಯಾಂಕಿನ ಕೇಬಲ್ಲೇ! ಡಬ್ಬಿ ಅಟ್ಟದ ಮೇಲಿದೆ. ಏಣಿ ತರ್ತೀನಿ.

ಗದಗ_ಗೆಳೆಯ · 9:26

ಅವರು ಏಣಿ ತರೋದರೊಳಗ ನಂದೊಂದು ಕೇಳ್ರಿ. ಸ್ವಲ್ಪ ಬ್ಯಾರೆ ವಿಷಯ. ನನ್ನ ಫೋನಿನಾಗ ಮೊದಲ ಒಂದು ಪಿಡಿಎಫ್ ಆ್ಯಪ್ ತೆರೆದ್ರ ಎಲ್ಲಾ ಪಹಣಿ, ಕರ ರಶೀದಿ ಸಾಲಾಗಿ ಕಾಣ್ತಿದ್ವು. ಹೊಸ ಫೋನ್‌ನಾಗ ಅದೇ ಆ್ಯಪ್ ಖಾಲಿ. "ಫೋಟೊ ಮತ್ತು ವಿಡಿಯೊ" ಪರ್ಮಿಶನ್ ಕೊಟ್ಟೆ, "ಸಂಗೀತ ಮತ್ತು ಆಡಿಯೊ" ಕೊಟ್ಟೆ. ಪಿಡಿಎಫ್‌ಗೆ ಪರ್ಮಿಶನ್ ಎಲ್ಲೈತಿ?

ಆ್ಯಪ್_ಬರೆಯೋಳು · 9:34

ಇದಕ್ಕೆ ನಾನು ಹೇಳ್ತೀನಿ, ದಿನಾ ಇದೇ ಕೆಲಸ. ಪಿಡಿಎಫ್‌ಗೆ ಅಂತ ಪರ್ಮಿಶನ್ನೇ ಇಲ್ಲ. ಆಂಡ್ರಾಯ್ಡ್ 13ರಿಂದ ಸ್ಟೋರೇಜ್ ಪರ್ಮಿಶನ್ ಅನ್ನೋದನ್ನ ಚಿತ್ರ, ವಿಡಿಯೊ, ಆಡಿಯೊ ಅಂತ ಮೂರು ಮಾಡಿದ್ರು. ದಾಖಲೆಗಳು ಯಾವುದರಲ್ಲೂ ಬರಲ್ಲ. ಬೇರೆಯವರು ಇಟ್ಟ ಪಿಡಿಎಫ್ ನನ್ನ ಆ್ಯಪ್‌ಗೆ ಬೇಕಂದ್ರೆ, ನೀವೇ ಅದನ್ನ ಆರಿಸಿ ಕೊಡಬೇಕು, ಇಲ್ಲವೇ ಫೋಲ್ಡರ್ ತೋರಿಸಬೇಕು. "ಎಲ್ಲಾ ಫೈಲ್" ಪರ್ಮಿಶನ್ ಕೇಳೋಕೆ ಪ್ಲೇ ಸ್ಟೋರ್‌ಗೆ ಕಾರಣ ಬರೆದು ಒಪ್ಪಿಸಬೇಕು. ಫೈಲ್ ಮ್ಯಾನೇಜರ್, ಬ್ಯಾಕಪ್, ಆ್ಯಂಟಿವೈರಸ್ ತರದವಕ್ಕೆ ಸಿಗುತ್ತೆ, ಎಲ್ಲರಿಗೂ ಅಲ್ಲ.

ಗದಗದವರೇ, ಪಹಣಿಗಳನ್ನೆಲ್ಲ ಡಾಕ್ಯುಮೆಂಟ್ಸ್ ಒಳಗೆ ಒಂದು ಫೋಲ್ಡರ್ ಮಾಡಿ ಹಾಕಿ. ಪಿಡಿಎಫ್ ಆ್ಯಪ್‌ನಲ್ಲಿ ಫೋಲ್ಡರ್ ತೆರೆಯೋ ಆಯ್ಕೆ ಇದ್ರೆ ಅದನ್ನ ತೋರಿಸಿ "ಈ ಫೋಲ್ಡರ್ ಬಳಸಿ" ಒತ್ತಿ. ಡೌನ್‌ಲೋಡ್ ಫೋಲ್ಡರನ್ನೇ ತೋರಿಸೋಕೆ ಹೋದ್ರೆ ಬಿಡಲ್ಲ, ಸ್ಟೋರೇಜ್‌ನ ಮೊದಲ ಮೆಟ್ಟಿಲನ್ನೂ ಬಿಡಲ್ಲ. ಒಳಗಿನ ಒಂದು ಫೋಲ್ಡರೇ ಆಗಬೇಕು.

ಇನ್ನೊಂದು ವಿಚಿತ್ರ ಹೇಳ್ತೀನಿ, ನನ್ನ ಬಳಕೆದಾರರು ಇದಕ್ಕೇ ಬೈತಾರೆ. ನನ್ನ ಆ್ಯಪ್ ಡಾಕ್ಯುಮೆಂಟ್ಸ್‌ನಲ್ಲಿ ಒಂದು ಬಿಲ್ ಪಿಡಿಎಫ್ ಇಡುತ್ತೆ ಅಂದುಕೊಳ್ಳಿ. ಖಾತೆ ಪುಸ್ತಕದಲ್ಲಿ ಮಾಲೀಕ ನನ್ನ ಆ್ಯಪ್. ನೀವು ಆ್ಯಪ್ ತೆಗೆದು ನಾಳೆ ಮತ್ತೆ ಹಾಕಿದ್ರೆ, ಬಿಲ್ ಅಲ್ಲೇ ಇರುತ್ತೆ, ಆದ್ರೆ ನನ್ನ ಆ್ಯಪ್‌ಗೆ ಅದು ಕಾಣಲ್ಲ. ಹೊಸದಾಗಿ ಬಂದವಳು ಅಂತ ಲೆಕ್ಕ. ನಾನೇ ಬರೆದ ಫೈಲು ನನಗೇ ಪರಕೀಯ.

ಗದಗ_ಗೆಳೆಯ · 9:41

ತಂಗಿ, ನೂರು ವರ್ಷ ಬಾಳು. ಫೋಲ್ಡರ್ ತೋರಿಸಿದೆ, 31 ಪಿಡಿಎಫ್ ಬಂದ್ವು.

ಟೆಕ್_ತುಮಕೂರು · 9:44

ನನಗೂ ಒಂದು ಅನುಭವ ಆಗಿದೆ. ಮೆಮೊರಿ ಕಾರ್ಡ್ ಹಾಕಿದಾಗ "ಫೋನ್ ಸ್ಟೋರೇಜ್ ಆಗಿ ಬಳಸಿ" ಅಂತ ಕೇಳ್ತು, ಹೌದು ಅಂದೆ. ಫೋನಿನ ಡಿಸ್‌ಪ್ಲೇ, ಬೋರ್ಡ್ ಎರಡೂ ಹೋದ ಮೇಲೆ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದೆ. "ಫಾರ್ಮ್ಯಾಟ್ ಮಾಡಬೇಕೇ?" ಅಂತ ಕೇಳುತ್ತೆ ಬಿಟ್ರೆ ಏನೂ ಕಾಣಲ್ಲ. ಮಗಳ ನಾಮಕರಣದ ವಿಡಿಯೊ ಅದರಲ್ಲೇ ಇತ್ತು.

ಲಿನಕ್ಸ್_ಪ್ರೇಮಿ · 9:48

ಆಂಡ್ರಾಯ್ಡ್ 6ರಲ್ಲಿ ಬಂದ ಸೌಲಭ್ಯ ಅದು. ಕಾರ್ಡನ್ನು ಗೂಢಲಿಪಿಗೆ ತಿರುಗಿಸುತ್ತೆ, ಕೀಲಿ ಇರೋದು ಆ ಫೋನಿನೊಳಗೆ ಮಾತ್ರ. ಫೋನ್ ಸತ್ತರೆ ಕಾರ್ಡೂ ಸತ್ತ ಹಾಗೆ. ಬೋರ್ಡ್ ಇನ್ನೂ ಇಟ್ಟುಕೊಂಡಿದ್ರೆ ಎಸೆಯಬೇಡಿ. ಒಳ್ಳೆ ರಿಪೇರಿಯವರು ಅದನ್ನ ಮತ್ತೆ ಎಬ್ಬಿಸಿದ್ರೆ, ಅದೇ ಕಾರ್ಡ್ ಅದೇ ಬೋರ್ಡಿಗೆ ಹಾಕಿದ್ರೆ ಸಿಗಬಹುದು.

ದಾವಣಗೆರೆ_ಮೊಬೈಲ್_ರಿಪೇರಿ · 9:50

ತುಮಕೂರಿನವರೇ, ಬೋರ್ಡ್ ಇದ್ರೆ ಕಳಿಸಿ, ನೋಡೋಣ. ಗ್ಯಾರಂಟಿ ಕೊಡಲ್ಲ, ಪ್ರಯತ್ನ ಮಾಡ್ತೀನಿ.

ಸಾಗರದ_ತೋಟ · 10:08

ಬಂತು! ಡಬ್ಬಿಯ ಕೇಬಲ್ ಹಾಕಿದ ಕೂಡಲೇ "ಫೈಲ್ ಟ್ರಾನ್ಸ್‌ಫರ್" ಕೇಳ್ತು. ಆಂಡ್ರಾಯ್ಡ್, ಡೇಟಾ, ಆ್ಯಪ್‌ನ ಉದ್ದ ಹೆಸರಿನ ಫೋಲ್ಡರ್, ಫೈಲ್ಸ್, ಅದರೊಳಗೆ ರೆಕಾರ್ಡ್ಸ್. 43 ಫೈಲ್ ಸಾಲಾಗಿ ನಿಂತಿವೆ. ಒಂದನ್ನ ಲ್ಯಾಪ್‌ಟಾಪ್‌ಗೆ ಎಳೆದು ಕೇಳಿದೆ. ಅಮ್ಮನ ದನಿ, ಹಿಂದೆ ಕೊಟ್ಟಿಗೆಯಲ್ಲಿ ಗೌರಿ ಕೂಗೋದೂ ಕೇಳ್ತು. ಆ ದನ ಈಗಿಲ್ಲ.

ಪೂರ್ತಿ ಕಾಪಿ ಹಾಕಿದೀನಿ.

ಚಾಮುಂಡಿಬೆಟ್ಟದ_ಕೆಳಗೆ · 10:10

ಓದಿ ಕಣ್ಣು ತುಂಬಿ ಬಂತು ಅಣ್ಣ.

ಕರಾವಳಿ_ಕೋಡ್ · 10:12

ತುಂಬಾ ಸಂತೋಷ. ಆದ್ರೆ ಹಳೇ ಫೋನಿಂದ ಏನೂ ಅಳಿಸಬೇಡಿ ಇನ್ನೂ. ಕಾಪಿ ಮುಗಿದ ಮೇಲೆ ಎರಡೂ ಕಡೆ ಎಣಿಕೆ 43 ಇದೆಯಾ, ಒಟ್ಟು ಎಂಬಿ ಒಂದೇ ಇದೆಯಾ ನೋಡಿ. ಸೊನ್ನೆ ಕೆಬಿ ಫೈಲ್ ಇದೆಯಾ ಹುಡುಕಿ. ಪ್ರತಿಯೊಂದನ್ನೂ ತೆರೆದು ಕೊನೆ ಹತ್ತು ಸೆಕೆಂಡ್ ಕೇಳಿ, ಶುರುವಿನದಲ್ಲ. ಅರ್ಧ ಕಾಪಿಯಾದ ಫೈಲ್ ಶುರುವಲ್ಲಿ ಚೆನ್ನಾಗೇ ಹಾಡುತ್ತೆ. ಆಮೇಲೆ ಒಂದು ಪೆನ್‌ಡ್ರೈವ್‌ಗೆ, ಇನ್ನೊಂದು ಕ್ಲೌಡ್‌ಗೆ.

ಸಾಗರದ_ತೋಟ · 10:47

43 ಇದೆ, ಗಾತ್ರ ಸರಿ ಇದೆ. ಹೆಸರೆಲ್ಲ ಬರೀ ತಾರೀಖು, ಗಂಟೆ. ಕೂತು ಒಂದೊಂದಕ್ಕೆ ಕನ್ನಡದಲ್ಲಿ ಹೆಸರಿಡ್ತಿದೀನಿ. ಯಾವ ಹಾಡು, ಯಾವ ಶಾಸ್ತ್ರಕ್ಕೆ ಹೇಳೋದು, ಅಮ್ಮ ಯಾರ ಹತ್ರ ಕಲಿತಿದ್ದು, ಎಲ್ಲ ಹೆಸರಲ್ಲೇ ಬರಲಿ ಅಂತ. ಲ್ಯಾಪ್‌ಟಾಪ್‌ನಲ್ಲಿ ಹೆಸರು ತಗೊಳ್ತು, ಹೊಸ ಫೋನಿಗೆ ಕಾಪಿ ಹಾಕಿದ್ರೆ ಐದಾರು ಫೈಲ್ ಹೋಗ್ತಿಲ್ಲ. ಮತ್ತೆ ಪರ್ಮಿಶನ್ನಾ?

ಅಕ್ಷರ_ಲೆಕ್ಕ · 10:55

ಪರ್ಮಿಶನ್ ಅಲ್ಲ, ಹೆಸರಿನ ಉದ್ದ! ಫೋನಿನೊಳಗೆ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡಕ್ಕೆ ಮೂರು. ಅದೂ ಕಾಣೋ ಅಕ್ಷರಕ್ಕಲ್ಲ, ಒಂದೊಂದು ಚಿಹ್ನೆಗೂ ಮೂರು. "ಹಸೆ" ಅಂದ್ರೆ ಹ, ಸ, ಎತ್ವ, ಒಟ್ಟು 9 ಬೈಟ್. "ಕ್ಷೇತ್ರ" ನೋಡೋಕೆ ಎರಡೇ ಅಕ್ಷರ, ಒಳಗೆ ಏಳು ಚಿಹ್ನೆ, 21 ಬೈಟ್. ಲೆಕ್ಕ ಹಾಕಿದ್ರೆ 85 ಚಿಹ್ನೆಗೆ ಮುಗೀತು, ಅದರಲ್ಲಿ ಕೊನೆಯ ಚುಕ್ಕೆ ಮತ್ತು ಮೂರಕ್ಷರದ ಬಾಲಕ್ಕೂ (.mp3 ತರದ್ದು) ಜಾಗ ಬಿಡಬೇಕು. ವಿಂಡೋಸ್ ಬೇರೆ ತರ ಎಣಿಸುತ್ತೆ, ಅಲ್ಲಿ ಕನ್ನಡ ಚಿಹ್ನೆಯೂ ಒಂದೇ ಲೆಕ್ಕ. ಅದಕ್ಕೇ ಅಲ್ಲಿ ಹಿಡಿಸ್ತು, ಇಲ್ಲಿ ಹಿಡಿಸಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. "ಫೋನ್‌ನಲ್ಲಿ" ಅಂತ ಬರೆಯುವಾಗ ನ್ ಒತ್ತಾಗದ ಹಾಗೆ ತಡೆಯೋಕೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೀಳುತ್ತೆ. ಅದಕ್ಕೂ ಮೂರು ಬೈಟ್. ಒಂದು ಫೈಲಿನಲ್ಲಿ ಅದು ಇದ್ದು ಇನ್ನೊಂದರಲ್ಲಿ ಇಲ್ಲದಿದ್ರೆ, ನೋಡೋಕೆ ಒಂದೇ ಹೆಸರು, ಹುಡುಕಿದ್ರೆ ಸಿಗಲ್ಲ. ಹೆಸರು ಚಿಕ್ಕದಾಗಿರಲಿ: "07 ಹಸೆಗೆ ಕರೆಯುವುದು". ಉಳಿದ ವಿವರ ಒಂದು ಪಠ್ಯ ಫೈಲಿನಲ್ಲಿ ಬರೆದು ಜೊತೆಗಿಡಿ.

ಹುಬ್ಬಳ್ಳಿ_ಮಂದಿ · 11:01

ಕನ್ನಡಕ್ಕ ಮೂರು ಪಟ್ಟು ಯಾಕ್ರಿ? ಇದು ಯಾವ ನ್ಯಾಯ?

ಅಕ್ಷರ_ಲೆಕ್ಕ · 11:06

ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡೋ ಯೂನಿಕೋಡ್‌ನ ಯುಟಿಎಫ್-8 ಅನ್ನೋ ಬರವಣಿಗೆಯ ಕ್ರಮದಲ್ಲಿ ಮೊದಲ 128 ಜಾಗ ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಒಂದು ಬೈಟ್‌ನಲ್ಲಿ ಬರೋ ಹಾಗಿದೆ. ಗ್ರೀಕ್, ಅರಬ್ಬಿಗೆ ಎರಡು. ನಮ್ಮ ದೇಶದ ಮುಖ್ಯ ಲಿಪಿಗಳು ಹೆಚ್ಚಾಗಿ ಮೂರರಲ್ಲಿ ಬರುತ್ತೆ. ಹಿಂದಿ, ತಮಿಳು, ತೆಲುಗು ಎಲ್ಲಕ್ಕೂ ಇದೇ ಪಾಡು. ನನಗೂ ಬೇಜಾರೇ.

ಸಾಗರದ_ತೋಟ · 11:10

ಹೆಸರು ಚಿಕ್ಕದು ಮಾಡಿದೆ, ಎಲ್ಲ ಹೋಯ್ತು. ಇವತ್ತಿಗೆ ಸಾಕು. ಒಬ್ಬೊಬ್ಬರಿಗೂ ಕೈ ಮುಗಿದೆ. ಮಲಗ್ತೀನಿ.

ಆ್ಯಪ್_ಬರೆಯೋಳು · 11:15

ಮಲಗೋ ಮೊದಲು ಒಂದು ಮಾತು. ಇನ್ನು ಮುಂದೆ ರೆಕಾರ್ಡ್ ಮಾಡೋ ಆ್ಯಪ್ ಆರಿಸುವಾಗ, ಮೊದಲು ಐದು ಸೆಕೆಂಡ್ "ಹಲೋ" ಅಂತ ರೆಕಾರ್ಡ್ ಮಾಡಿ, ಆ ಫೈಲ್ ಫೈಲ್ ಮ್ಯಾನೇಜರ್‌ನಲ್ಲಿ ಎಲ್ಲಿ ಬಂತು ಅಂತ ನೋಡಿ. ಆಂಡ್ರಾಯ್ಡ್ 12ರಿಂದ ಸಾರ್ವಜನಿಕ ಜಾಗದಲ್ಲಿ "ರೆಕಾರ್ಡಿಂಗ್ಸ್" ಅಂತಲೇ ಒಂದು ಫೋಲ್ಡರ್ ಇದೆ. ಅಲ್ಲಿ ಅಥವಾ ಮ್ಯೂಸಿಕ್‌ನಲ್ಲಿ ಬಿದ್ದರೆ ಆ್ಯಪ್ ಹೋದರೂ ಫೈಲ್ ಉಳಿಯುತ್ತೆ. ಎಲ್ಲೂ ಕಾಣದಿದ್ರೆ ಆ ಆ್ಯಪ್ ಬೇಡ.

ಸಾಗರದ_ತೋಟ · ಭಾನುವಾರ ಬೆಳಗ್ಗೆ 8:30

ಬೆಳಗ್ಗೆ ಕಾಫಿ ಹೊತ್ತಿಗೆ ಅಮ್ಮನಿಗೆ ಹೊಸ ಫೋನಲ್ಲಿ ಎಲ್ಲ ಕೇಳಿಸಿದೆ. ಪೂರ್ತಿ ಕೂತು ಕೇಳಿದ್ರು, ತೊಡೆ ಮೇಲೆ ಬೆರಳಲ್ಲಿ ತಾಳ ಹಾಕ್ತಾ. ಏಳನೇ ಹಾಡು ಮುಗಿದಾಗ ನಿಲ್ಲಿಸು ಅಂತ ಸನ್ನೆ ಮಾಡಿದ್ರು. ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ನಾಲ್ಕು ಸಾಲು ಬರೆದುಕೊಟ್ರು. ಆವತ್ತು ಹಾಡುವಾಗ ಒಂದು ನುಡಿ ಮರೆತುಹೋಗಿತ್ತಂತೆ.

ಆ ನಾಲ್ಕು ಸಾಲು ಹಾಡೋಕೆ ಅಕ್ಕ ಮಧ್ಯಾಹ್ನ ಹೊಸನಗರದಿಂದ ಬರ್ತಿದಾಳೆ. ಹೊಸ ಆ್ಯಪ್‌ನಲ್ಲಿ ಈಗಷ್ಟೇ "ಹಲೋ" ಅಂದು ನೋಡಿದೆ, ಫೈಲ್ ರೆಕಾರ್ಡಿಂಗ್ಸ್‌ನಲ್ಲೇ ಬಂದು ಕೂತಿದೆ.

ಹುಬ್ಬಳ್ಳಿ_ಮಂದಿ · 8:41

ನಿಮ್ಮಕ್ಕ ಹಾಡಿದ ಮ್ಯಾಲ ನಮಗೂ ಕೇಳಸ್ರಿ, ತಾಯಿಯವರು ಒಪ್ಪಿದ್ರ.